60 ಅಡಿ ಡುರಾಂಟಾ ಬೇಲಿ: ಚೈತ್ರದಲ್ಲಿ ಸತ್ತ ಕಡ್ಡಿ, ಆಷಾಢದಲ್ಲಿ ಹಿಡಿದ ಬೇರು

ಕಲಬುರಗಿಯ ಜೇವರ್ಗಿ ರಸ್ತೆ ಕಡೆಯ ಒಂದು ಬಡಾವಣೆ, 40×60 ಸೈಟು. ಪೂರ್ವಕ್ಕೆ ಎರಡೂವರೆ ಅಡಿ ಗೋಡೆ, ಅದರ ಮೇಲೆ ತಂತಿ ಜಾಳಿ. ರಸ್ತೆಯಲ್ಲಿ ಹೋಗುವವರಿಗೆ ಅಂಗಳವೆಲ್ಲ ಕಾಣುತ್ತದೆ. ಆ 60 ಅಡಿ ಉದ್ದಕ್ಕೆ ನಾಲ್ಕಡಿ ಎತ್ತರದ ಹಸಿರು ಬೇಲಿ ಬೇಕು, ಗಿಡ ಕೊಳ್ಳುವ ಬದಲು ಮನೆಯಲ್ಲೇ ಸಸಿ ಮಾಡಿಕೊಳ್ಳಬೇಕು ಎಂಬುದು ಮನೆಯವರ ಇಚ್ಛೆ. ಮಣ್ಣು ಅಪ್ಪಟ ಎರೆ. ನೀರಿಗೆ ಬೋರು ಇದೆ, ಬಂದಾಗ ನಳ ಇದೆ. ಬೋರಿನ ನೀರು ಎಷ್ಟು ಗಡಸು ಎಂದರೆ ಬಚ್ಚಲಿನ ಬಕೀಟಿನ ಒಳಗೋಡೆಗೆ ಬಿಳಿ ಪದರ ಕಟ್ಟಿದೆ. ಮೊದಲ ಪ್ರಯತ್ನ ಮಾರ್ಚ್ ಕೊನೆಯಲ್ಲಿ: 120 ಕಡ್ಡಿ ನೆಟ್ಟರು, ಮೇ ತಿಂಗಳ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಎರಡನೆಯದು ಜುಲೈ ಮೊದಲ ವಾರದಲ್ಲಿ: ಅಷ್ಟೇ ಕಡ್ಡಿ, 88ಕ್ಕೆ ಬೇರು.

ಗಿಡದ ಆಯ್ಕೆ

ಆರಿಸಿದ್ದು ಚಿನ್ನದ ಬಣ್ಣದ ಎಲೆಯ ಗೋಲ್ಡನ್ ಡುರಾಂಟಾ. ಹೆಸರು ಕೇಳಿ ‘ದುರಂತ’ ಎಂದು ನಗುವವರಿದ್ದಾರೆ. ಅದು 16ನೇ ಶತಮಾನದ ಇಟಲಿಯ ವೈದ್ಯ, ಸಸ್ಯಶಾಸ್ತ್ರಜ್ಞ ಕಾಸ್ತೊರೆ ದುರಾಂತೆಯ ನೆನಪಿಗೆ ಇಟ್ಟ ಹೆಸರು. ಗಿಡದ ಮೂಲ ಅಮೆರಿಕ ಖಂಡದ ಉಷ್ಣವಲಯ. ಬಿಸಿಲು ತಡೆಯುತ್ತದೆ, ಎಷ್ಟು ಕತ್ತರಿಸಿದರೂ ಮತ್ತೆ ಚಿಗುರುತ್ತದೆ, ಕಡ್ಡಿಯಿಂದ ಸುಲಭವಾಗಿ ಬೇರು ಬಿಡುತ್ತದೆ. ಇದರ ಹಳದಿ ಕಾಯಿ ವಿಷಕಾರಿ. ಆಗಾಗ ಕತ್ತರಿಸುವ ಬೇಲಿಯಲ್ಲಿ ಕಾಯಿ ಕಟ್ಟುವುದು ಅಪರೂಪ, ಆದರೂ ಸಣ್ಣ ಮಕ್ಕಳಿರುವ ಮನೆಯಲ್ಲಿ ಕಾಯಿ ಕಂಡ ಕೂಡಲೇ ಚಿವುಟಿ ತೆಗೆಯಬೇಕು.

ಬೇರೆ ಗಿಡಗಳೂ ಮಾತಿಗೆ ಬಂದವು. ಕಣಗಿಲೆ ಈ ಊರಿನ ಬಿಸಿಲಿಗೆ ಹೇಳಿ ಮಾಡಿಸಿದ್ದು, ಆದರೆ ಎಲೆ, ಕಾಂಡ, ಹೂ ಎಲ್ಲವೂ ವಿಷ. ಮಕ್ಕಳು ಆಡುವ ಅಂಗಳಕ್ಕೆ ಬೇಡ. ದಾಸವಾಳಕ್ಕೆ ಹಿಟ್ಟು ತಿಗಣೆಯ ಕಾಟ. ಕಾಮಿನಿ ಸೊಗಸು, ಆದರೆ ಕಡ್ಡಿಗಿಂತ ಹೊಸ ಬೀಜದಿಂದ ಮಾಡುವುದು ಮೇಲು, ಮತ್ತು ನಿಂಬೆ ಗಿಡದ ಸಿಲ್ಲಿಡ್ ಹುಳುವಿಗೆ ಅದು ತವರುಮನೆ. ಈ ಮನೆಯ ಹಿತ್ತಲಲ್ಲಿ ಎರಡು ನಿಂಬೆ ಗಿಡಗಳಿದ್ದವು. ಮದರಂಗಿಯನ್ನು ಆರಿಸಿದ್ದರೂ ತಪ್ಪಿರಲಿಲ್ಲ. ನೀರು ತೀರ ಕಡಿಮೆ ಇರುವ ಕಡೆ ಅದೇ ಒಳ್ಳೆಯದು.

ಮಾರ್ಚಿನಲ್ಲಿ ಆದದ್ದು

ಪಕ್ಕದ ಬೀದಿಯ ಮನೆಯೊಂದರಲ್ಲಿ ಬೇಲಿ ಕತ್ತರಿಸಿ ರಸ್ತೆ ಬದಿಗೆ ಹಾಕಿದ್ದ ರಾಶಿಯಿಂದ ಕಡ್ಡಿ ಆರಿಸಿ ತಂದರು. ಬೆಳಿಗ್ಗೆ ಕತ್ತರಿಸಿದ್ದು, ತಂದದ್ದು ಸಂಜೆ. 4×6 ಇಂಚಿನ ಕಪ್ಪು ಪ್ಯಾಕೆಟ್ಟುಗಳಿಗೆ ಅಂಗಳದ ಎರೆಮಣ್ಣು ಮತ್ತು ಸಗಣಿ ಗೊಬ್ಬರವನ್ನು ಸಮಸಮ ಬೆರೆಸಿ ತುಂಬಿದರು. ಬೇವಿನ ಮರದಡಿ ಫರಸಿ ನೆಲದ ಮೇಲೆ ಸಾಲಾಗಿ ಇಟ್ಟು, ಬೆಳಿಗ್ಗೆ ಸಂಜೆ ಬೋರಿನ ನೀರು ಹಾಕಿದರು.

ಹನ್ನೆರಡನೇ ದಿನಕ್ಕೆ ಹೆಚ್ಚುಕಮ್ಮಿ ಎಲ್ಲ ಕಡ್ಡಿಗಳೂ ಚಿಗುರಿದವು.

“ಹಿಡದಾವ್ರೀ ಅಕ್ಕೋರೆ, ಇನ್ನ ಚಿಂತಿ ಇಲ್ಲ” ಎಂದ ಮಾಲಿ.

“ಒಂದು ಕಿತ್ತು ನೋಡೂಣ ಕಾಕಾ?”

“ಬ್ಯಾಡ್ರೀ, ಚಿಗುರ್‍ಯಾವಲ್ಲ!”

ಒಂದನ್ನು ಕಿತ್ತು ನೋಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ನಾಲ್ಕನೇ ವಾರ ಕಿತ್ತಾಗ ಕಡ್ಡಿಯ ಮೇಲಿನ ಎರಡು ಗೆಣ್ಣುಗಳಲ್ಲಿ ಎಳೆ ಚಿಗುರು ಬಾಡಿ ಜೋತುಬಿದ್ದಿತ್ತು. ಮಣ್ಣಿನ ಮಟ್ಟದಿಂದ ಕೆಳಗೆ ತೊಗಟೆ ಕಪ್ಪಾಗಿತ್ತು. ಎರಡು ಬೆರಳ ನಡುವೆ ಹಿಡಿದು ಜಗ್ಗಿದರೆ ತೊಗಟೆ ಒದ್ದೆ ಕಾಗದದಂತೆ ಜಾರಿ ಬಂತು, ಒಳಗೆ ಬೂದು ಬಣ್ಣದ ಕಟ್ಟಿಗೆ ಉಳಿಯಿತು. ಹುಳಿ ವಾಸನೆ. ಬೇರಿನ ಗುರುತೇ ಇಲ್ಲ.

ಕಡ್ಡಿಯಲ್ಲಿ ಕೂಡಿಟ್ಟ ಪಿಷ್ಟ ಇರುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಗ್ಗು ಅದನ್ನೇ ತಿಂದು ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಬೇರಿನ ಹಂಗಿಲ್ಲ. ಬಿಚ್ಚಿದ ಎಲೆ ಆಮೇಲೆ ನೀರು ಕೇಳುತ್ತದೆ, ಕೊಡಲು ಬೇರಿಲ್ಲ. ಆಷಾಢದ ತಂಪುಗಾಳಿಯಲ್ಲಾದರೆ ಎಲೆ ಹೇಗೋ ತಡೆದುಕೊಂಡು ಬೇರಿಗೆ ಕಾಯುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 40 ಡಿಗ್ರಿ ಮುಟ್ಟುವ, ತೇವವೇ ಇಲ್ಲದ ಬಯಲುಸೀಮೆಯ ಗಾಳಿಯಲ್ಲಿ ಎರಡೇ ದಿನಕ್ಕೆ ಬಾಡುತ್ತದೆ. ಬಾಡಿದ್ದನ್ನು ಕಂಡವರು ಇನ್ನಷ್ಟು ನೀರು ಸುರಿಯುತ್ತಾರೆ. ಎರೆಮಣ್ಣು ನೀರು ಕುಡಿದು ಉಬ್ಬಿ ರಂಧ್ರಗಳನ್ನೆಲ್ಲ ಮುಚ್ಚಿಕೊಂಡಿರುತ್ತದೆ. ಕತ್ತರಿಸಿದ ತುದಿಗೆ ಗಾಳಿ ಸಿಗದೆ ಅಲ್ಲಿಂದ ಕೊಳೆ ಶುರು. ಮೇಲೆ ಒಣಗಿ ಸಾಯುವುದೂ ಕೆಳಗೆ ಕೊಳೆತು ಸಾಯುವುದೂ ಒಂದೇ ಕಡ್ಡಿಯಲ್ಲಿ ಒಟ್ಟಿಗೆ ನಡೆದಿತ್ತು.

ಉಳಿದ ತಪ್ಪುಗಳು ಇದಕ್ಕೆ ಕೂಡಿಕೊಂಡವು. ಗೊಬ್ಬರ ಪೂರ್ತಿ ಕಳಿತಿರಲಿಲ್ಲ. ಅರೆಹಸಿ ಸಗಣಿ ಬಿಸಿ ಬಿಡುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಹತ್ತಿಪ್ಪತ್ತು ಪ್ಯಾಕೆಟ್ಟುಗಳಲ್ಲಿ ಕಡ್ಡಿಯ ಬುಡವನ್ನು ಗೆದ್ದಲು ತಿಂದಿತ್ತು. ಫರಸಿ ಮಧ್ಯಾಹ್ನ ಕಾದು ಪ್ಯಾಕೆಟ್ಟಿನ ತಳಕ್ಕೆ ಬಿಸಿ ಮುಟ್ಟಿಸಿತ್ತು. ಆರು ಕಡ್ಡಿಗಳು ತಲೆಕೆಳಗಾಗಿದ್ದವು. ರಾಶಿಯಿಂದ ಆರಿಸಿದ ಕಡ್ಡಿಯಲ್ಲಿ ಬುಡ ಯಾವುದು, ತುದಿ ಯಾವುದು ಎಂದು ತಿಳಿಯದೆ ಹೀಗಾಗುವುದು ತೀರ ಸಾಮಾನ್ಯ. ತುದಿಯನ್ನು ಮಣ್ಣಿಗೆ ಹಾಕಿದರೆ ಡುರಾಂಟಾ ಕ್ಷಮಿಸುವುದಿಲ್ಲ.

ಜುಲೈನ ಸಿದ್ಧತೆ

ಮೊದಲು ಲೆಕ್ಕ. ಒಂದೇ ಸಾಲು, ಗಿಡದಿಂದ ಗಿಡಕ್ಕೆ ಒಂದು ಅಡಿ: 60 ಗಿಡ. ನೆಟ್ಟ ಮೇಲೆ ಸಾಯುವವಕ್ಕೆ ಬದಲಿಯಾಗಿ ಐದರಲ್ಲೊಂದು ಪಾಲು ಹೆಚ್ಚು: 72. ನೂರಕ್ಕೆ 60 ಬೇರು ಬಿಟ್ಟೀತು ಎಂದಿಟ್ಟುಕೊಂಡರೆ 120 ಕಡ್ಡಿ. ಮನೆಯಲ್ಲಿ ಮಾಡುವವರು ಶೇ 60ಕ್ಕಿಂತ ಹೆಚ್ಚು ಹಿಡಿಯುತ್ತದೆ ಎಂಬ ಭರವಸೆಯ ಮೇಲೆ ಲೆಕ್ಕ ಹಾಕಬಾರದು.

ಮಿಶ್ರಣ: ಎರಡು ಪಾಲು ಮರಳು, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಮಣ್ಣೂ ಇಲ್ಲ, ಗೊಬ್ಬರವೂ ಇಲ್ಲ. 4×6 ಪ್ಯಾಕೆಟ್ಟಿಗೆ ಸುಮಾರು 400 ಮಿಲಿ ಹಿಡಿಯುತ್ತದೆ, ಅಂದರೆ 120ಕ್ಕೆ 50 ಲೀಟರ್. 20 ಲೀಟರಿನ ಪೇಂಟ್ ಡಬ್ಬಿಯಲ್ಲಿ ಎರಡೂವರೆ ಡಬ್ಬಿ. ಮರಳನ್ನು ಜರಡಿ ಹಿಡಿದು ನುಣುಪು ಧೂಳು ತೆಗೆದು, ನೀರು ತಿಳಿಯಾಗುವವರೆಗೆ ತೊಳೆದದ್ದು. ಎಂ-ಸ್ಯಾಂಡ್ ಆದರೂ ನಡೆಯುತ್ತದೆ, ಆದರೆ ಅದರ ಕಲ್ಲುಹಿಟ್ಟು ತೊಳೆಯದಿದ್ದರೆ ಸಿಮೆಂಟಿನಂತೆ ಬಿಗಿಯುತ್ತದೆ. 650 ಗ್ರಾಮಿನ ಕೋಕೋಪೀಟ್ ಇಟ್ಟಿಗೆ ನೆನೆದರೆ ಎಂಟು ಲೀಟರಿನಷ್ಟು ಉಬ್ಬುತ್ತದೆ, ಎರಡು ಸಾಕು. ಅದರಲ್ಲಿ ಉಪ್ಪು ಇರುತ್ತದೆ, ಆದ್ದರಿಂದ ನೆನೆಸಿ ಹಿಂಡುವುದನ್ನು ಮೂರು ಸಲ ಮಾಡಬೇಕು. ಪ್ಯಾಕೆಟ್ಟಿನ ತೂತು ಬರಿಯ ಪಕ್ಕದಲ್ಲಿದ್ದರೆ ತಳದಲ್ಲೂ ನಾಲ್ಕು ಚುಚ್ಚಿ.

ನೀರಿನ ಸಮಸ್ಯೆಯನ್ನು ಮಳೆಯೇ ಬಿಡಿಸಿತು. ತಾರಸಿಯ 10 ಚದರ ಮೀಟರ್ ಜಾಗದ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. 120 ಪ್ಯಾಕೆಟ್ಟಿಗೆ ತಲಾ 50 ಮಿಲಿಯಂತೆ ಒಂದು ಸಲಕ್ಕೆ ಬೇಕಾದದ್ದು ಆರು ಲೀಟರ್ ಮಾತ್ರ. ಒಂದು ಡ್ರಮ್ ತುಂಬಿಸಿಕೊಂಡರೆ ಇಡೀ ಕೆಲಸ ಮುಗಿಯುತ್ತದೆ. ಬೋರಿನ ನೀರಿನಲ್ಲಿರುವ ಬೈಕಾರ್ಬೊನೇಟ್ ಸಣ್ಣ ಪ್ಯಾಕೆಟ್ಟಿನಲ್ಲಿ ಬೇಗ ಕೂಡುತ್ತದೆ, ಮಿಶ್ರಣ ಕ್ಷಾರವಾಗುತ್ತದೆ, ಎಲೆಯ ಮೇಲೆ ಬಿಳಿ ಕಲೆ ಬೀಳುತ್ತದೆ. ಮಳೆ ಕೈಕೊಟ್ಟ ವಾರ ನಳದ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸಿದರು.

ಕಡ್ಡಿ

ಆರಿದ್ರ ಮಳೆ ಎರಡು ಸಲ ಚೆನ್ನಾಗಿ ಬಿದ್ದ ಮೇಲೆ, ಪಕ್ಕದ ಬೀದಿಯ ಅದೇ ಮನೆಯ ಬೇಲಿಯಿಂದ, ಈ ಸಲ ಕೇಳಿ, ಬೆಳಿಗ್ಗೆ ಏಳರೊಳಗೆ ಕತ್ತರಿಸಿ ತಂದದ್ದು. ಬೇಕಾದದ್ದು ಅರೆಬಲಿತ ಕೊಂಬೆ: ಪೆನ್ಸಿಲಿಗಿಂತ ತುಸು ತೆಳು, ತೊಗಟೆ ಹಸಿರಿನಿಂದ ಕಂದಿಗೆ ತಿರುಗುತ್ತಿರಬೇಕು, ಬಾಗಿಸಿದರೆ ಬಾಗಿ ಕೊನೆಗೆ ಲಟಕ್ಕೆಂದು ಮುರಿಯಬೇಕು. ಮುರಿಯದೆ ಬಳುಕುವುದು ಎಳಸು, ಬಾಗದೆ ಮುರಿಯುವುದು ಬಲಿತದ್ದು. ಕತ್ತರಿಸಿದ್ದನ್ನು ತಕ್ಷಣ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಬೇಕು. ಮನೆ ಮುಟ್ಟುವವರೆಗೆ ಬಿಚ್ಚಬಾರದು.

ಒಂದೊಂದು ಕಡ್ಡಿ ಐದಾರು ಇಂಚು, ನಾಲ್ಕು ಗೆಣ್ಣು. ಕೆಳಗಿನ ತುದಿ ಗೆಣ್ಣಿನ ಕೆಳಗೇ, ಓರೆಯಾಗಿ. ಮೇಲಿನ ತುದಿ ಗೆಣ್ಣಿನಿಂದ ಅರ್ಧ ಇಂಚು ಮೇಲೆ, ನೇರವಾಗಿ. ಓರೆ ಇದ್ದದ್ದು ಕೆಳಗೆ ಎಂಬ ಒಂದು ನಿಯಮ ಇಟ್ಟುಕೊಂಡರೆ ತಲೆಕೆಳಗು ಆಗುವ ಮಾತೇ ಇಲ್ಲ. ಕೆಳಗಿನ ಎರಡು ಗೆಣ್ಣುಗಳ ಎಲೆ ಪೂರ್ತಿ ತೆಗೆದು, ಮೇಲೆ ಒಂದು ಜೊತೆ ಎಲೆ ಮಾತ್ರ ಬಿಟ್ಟು ಅದನ್ನೂ ಅರ್ಧಕ್ಕೆ ಕತ್ತರಿಸಬೇಕು. ಎಲ್ಲ ಎಲೆ ತೆಗೆದರೆ ಬೇರು ನಿಧಾನ, ಎಲ್ಲ ಬಿಟ್ಟರೆ ಬಾಡುತ್ತದೆ. ಕತ್ತರಿಯನ್ನು ಹತ್ತಿಪ್ಪತ್ತು ಕಡ್ಡಿಗೊಮ್ಮೆ ಸ್ಪಿರಿಟಿನಲ್ಲಿ ಒರೆಸುವುದು.

ಶಿಲೀಂಧ್ರನಾಶಕ ಕಾರ್ಬೆಂಡೆಜಿಮ್ ಲೀಟರಿಗೆ ಒಂದು ಗ್ರಾಂ, ಅದರಲ್ಲಿ ಹತ್ತು ನಿಮಿಷ ಅದ್ದಿ (ಕೈಗವಸು ಹಾಕಿಕೊಂಡು), ನೀರು ಆರಿದ ಮೇಲೆ ಬುಡದ ಒಂದು ಇಂಚಿಗೆ ಬೇರು ಪುಡಿ. ಪುಡಿಯಲ್ಲಿ ಐಬಿಎ (ಬೇರು ಬರಿಸುವ ಹಾರ್ಮೋನು) ಶೇ 0.1ರಿಂದ 0.3ರಷ್ಟಿದ್ದರೆ ಅರೆಬಲಿತ ಕಡ್ಡಿಗೆ ಸರಿ. ಡಬ್ಬಿಗೇ ಕಡ್ಡಿ ಅದ್ದಬೇಡಿ, ಒಂದು ಕಾಗದದ ಮೇಲೆ ಸ್ವಲ್ಪ ಸುರಿದುಕೊಳ್ಳಿ. ತೇವ ತಗುಲಿದ ಪುಡಿ ಕೆಡುತ್ತದೆ. ನೆಡುವ ಮುಂಚೆ ಪೆನ್ಸಿಲಿನಿಂದ ತೂತು ಮಾಡಿಕೊಳ್ಳದೆ ಕಡ್ಡಿಯನ್ನೇ ಚುಚ್ಚಿದರೆ ಪುಡಿಯೆಲ್ಲ ಮೇಲೇ ಉಳಿಯುತ್ತದೆ. ಎರಡು ಗೆಣ್ಣು ಒಳಗೆ, ಸುತ್ತ ಬೆರಳಿನಿಂದ ಬಿಗಿಯಾಗಿ ಒತ್ತಿ, ಒಂದು ಸಲ ನೀರು.

20 ಕಡ್ಡಿಗಳನ್ನು ಬೇಕೆಂದೇ ಪುಡಿ ಇಲ್ಲದೆ ನೆಟ್ಟರು. ಅವುಗಳಲ್ಲಿ 13 ಬೇರು ಬಿಟ್ಟವು. ಪುಡಿ ಹಚ್ಚಿದ ನೂರರಲ್ಲಿ 75. ಇಷ್ಟು ಸಣ್ಣ ಲೆಕ್ಕದಿಂದ ಏನನ್ನೂ ಸಾಧಿಸಲಾಗದು, ಆದರೆ ಮಾರ್ಚಿನ ಸೋಲಿಗೆ “ಪುಡಿ ಹಚ್ಚಲಿಲ್ಲ, ಅದಕ್ಕ” ಎಂದು ಮಾಲಿ ಕೊಟ್ಟ ಕಾರಣ ಇಲ್ಲಿ ನಿಲ್ಲುವುದಿಲ್ಲ. ಪುಡಿಯಿಂದ ಬೇರು ಬೇಗ ಬಂತು, ಎಳೆಗಳೂ ಹೆಚ್ಚಿದ್ದವು. ಆದರೆ ಗಾಳಿ ಒಣಗಿದ್ದರೆ ಯಾವ ಪುಡಿಯೂ ಕಡ್ಡಿಯನ್ನು ಉಳಿಸದು.

ಮುಚ್ಚಿಗೆ

ಕೆಲಸದ ಜೀವ ಇರುವುದು ಇಲ್ಲಿ. ಮನೆಯ ಗೋಡೆಯ ಪಕ್ಕ, ನೇರ ಬಿಸಿಲು ಬೀಳದ ಕಡೆ, ಫರಸಿ ಮೇಲೆ ಎರಡು ಪದರ ಗೋಣಿಚೀಲ ಹಾಸಿ ಪ್ಯಾಕೆಟ್ಟುಗಳನ್ನು ಒತ್ತೊತ್ತಾಗಿ ಇಟ್ಟರು. ಪ್ಲಂಬಿಂಗ್ ಕೆಲಸದಲ್ಲಿ ಉಳಿದ ಅರ್ಧ ಇಂಚಿನ ಪೈಪು ಬಾಗಿಸಿ ಮೂರು ಕಮಾನು. ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಕಡ್ಡಿಗಳಿಂದ ಒಂದು ಅಡಿ ಮೇಲಕ್ಕೆ. ಹಾಳೆಯ ಅಂಚಿನ ಮೇಲೆ ಇಟ್ಟಿಗೆ. ಹಾಳೆಗಿಂತ ಎರಡಡಿ ಮೇಲೆ ಶೇ 50ರ ಹಸಿರು ನೆರಳು ಬಲೆ. ಬಲೆ ಇಲ್ಲದಿದ್ದರೆ ತೊಗರಿ ಕಟ್ಟಿಗೆ ಹೆಣೆದ ತಟ್ಟಿಯೂ ನಡೆಯುತ್ತದೆ, ನಮ್ಮ ಕಡೆ ಅದಕ್ಕೇನು ಬರ. ಪ್ಲಾಸ್ಟಿಕ್ಕಿನ ಮೇಲೆ ನೇರ ಬಿಸಿಲು ಬಿದ್ದರೆ ಅರ್ಧ ಗಂಟೆಯಲ್ಲಿ ಒಳಗಿನ ಕಡ್ಡಿ ಬೇಯುತ್ತದೆ, ಜುಲೈ ಆದರೂ ಅಷ್ಟೇ.

ಸರಿಯಾಗಿದೆಯೇ ಎಂದು ನೋಡಲು ಯಾವ ಮಾಪಕವೂ ಬೇಡ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿ ಕೂತಿರಬೇಕು. ಹನಿ ಇದ್ದರೆ ನೀರು ಬೇಡ. ಹನಿ ಇಲ್ಲದಿದ್ದರೆ ಮಿಶ್ರಣವನ್ನು ಮುಷ್ಟಿಯಲ್ಲಿ ಹಿಂಡಿ: ಉಂಡೆ ಕಟ್ಟಿ, ಬೆರಳು ತಾಕಿದರೆ ಒಡೆಯಬೇಕು, ನೀರು ಒಸರಬಾರದು. ಈ ಪ್ರಕರಣದಲ್ಲಿ ಮೊದಲ ಮೂರು ವಾರಗಳಲ್ಲಿ ನೀರು ಹಾಕಿದ್ದು ಒಟ್ಟು ಐದೇ ಸಲ. ಮಾರ್ಚಿನಲ್ಲಿ ದಿನಕ್ಕೆ ಎರಡು ಸಲ ಹಾಕಿದ್ದರು. ದಿನಕ್ಕೊಮ್ಮೆ ಹತ್ತು ನಿಮಿಷ ಹಾಳೆ ಎತ್ತಿ ಗಾಳಿ ಆಡಿಸಿ, ಉದುರಿದ ಎಲೆಗಳನ್ನು ಹೆಕ್ಕಿ ತೆಗೆಯುತ್ತಿದ್ದರು; ಬಿದ್ದ ಎಲೆಯಿಂದಲೇ ಬೂಷ್ಟು ಹರಡುತ್ತದೆ.

ನೆರಳಲ್ಲಿ ಎರಡು ವಾರವಾಗುತ್ತಲೇ ಚಿನ್ನದ ಬಣ್ಣದ ಎಲೆ ಹಸಿರಿಗೆ ತಿರುಗಿತು. ಮನೆಯವರು ಗಾಬರಿಯಾದರು, ಬೇರೆ ಜಾತಿ ಬಂತೇನೋ ಎಂದು. ಗೋಲ್ಡನ್ ಡುರಾಂಟಾದ ಹಳದಿ ಬಣ್ಣಕ್ಕೆ ಬಿಸಿಲು ಬೇಕು. ನೆರಳಲ್ಲಿ ಹಸಿರಾಗುವುದು ರೋಗವಲ್ಲ.

ಏನು ಹಿಡಿಯಿತು, ಏನು ಹೋಯಿತು

ನಾಗರ ಪಂಚಮಿಯ ಹೊತ್ತಿಗೆ ಕೆಲವನ್ನು ಬಿಡಿಸಿ ನೋಡಿದಾಗ ಓರೆ ತುದಿಯ ಸುತ್ತ ಬಿಳಿ ಉಬ್ಬು ಎದ್ದಿತ್ತು, ಥೇಟ್ ಜೋಳದ ಅಳ್ಳಿನ ಹಾಗೆ. ಅದು ಗಾಯ ಮಾಯುವ ಅಂಗಾಂಶ, ಬೇರಲ್ಲ. ಪಕ್ಕದ ಪ್ಯಾಕೆಟ್ಟಿನಲ್ಲಿ ಗೆಣ್ಣಿನ ಬದಿಯಿಂದ ಶಾವಿಗೆ ಎಳೆಯಂಥ ಮೂರು ಬಿಳಿ ಬೇರುಗಳು ಹೊರಟಿದ್ದವು. ಐದನೇ ವಾರದ ಕೊನೆಗೆ ಲೆಕ್ಕ: 88ಕ್ಕೆ ಬೇರು, 12ರಲ್ಲಿ ಬರೀ ಅಳ್ಳು, 11 ಕೊಳೆತವು, ಕೊಳೆತವೆಲ್ಲ ಕಡ್ಡಿ ಸಾಲದಾದಾಗ ಸೇರಿಸಿದ ಎಳಸು ತುದಿಗಳು. ಉಳಿದ ಒಂಬತ್ತು ಕೈಯಾರೆ ಕೊಂದವು. ಹಿಡಿದಿದೆಯೋ ಇಲ್ಲವೋ ಎಂದು ದಿನಾ ಜಗ್ಗಿ ನೋಡಿದರೆ ಆಗಷ್ಟೇ ಹೊರಟ ಬೇರು ಮುರಿಯುತ್ತದೆ. ಜಗ್ಗುವ ಬದಲು ಪ್ಯಾಕೆಟ್ಟಿನ ತಳದ ತೂತು ನೋಡಿ, ಬೇರು ತಾನೇ ಇಣುಕುತ್ತದೆ. ಮಾರ್ಚಿನಲ್ಲಿ ಒಂದನ್ನೂ ಕೀಳದೆ ಕೆಟ್ಟರು, ಜುಲೈನಲ್ಲಿ ದಿನಾ ಕಿತ್ತು ಕೆಡಿಸಿದರು.

ಆರನೇ ವಾರ ಹಾಳೆಯನ್ನು ಒಂದೇ ಸಲ ತೆಗೆದದ್ದು ಇನ್ನೊಂದು ತಪ್ಪು. ಅಂದು ಮೋಡ ಇರಲಿಲ್ಲ. ಸಂಜೆಗೆ ಏಳು ಸಸಿ ಸುಟ್ಟವು. ಮತ್ತೆ ಮುಚ್ಚಿ, ಮೊದಲ ಮೂರು ದಿನ ಬೆಳಿಗ್ಗೆ ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ಹತ್ತು ದಿನದಲ್ಲಿ ಪೂರ್ತಿ ತೆಗೆದು, ಇನ್ನೊಂದು ವಾರದಲ್ಲಿ ಬಲೆಯಿಂದಲೂ ಹೊರಗೆ ತಂದರು. ಮರಳಿನಲ್ಲಿ ಆಹಾರ ಇರುವುದಿಲ್ಲವಾದ್ದರಿಂದ ಬೇರು ಬಂದ ಮೇಲೆ ಹತ್ತು ದಿನಕ್ಕೊಮ್ಮೆ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಇರುವುದು) ಲೀಟರಿಗೆ ಒಂದು ಗ್ರಾಂ. ಉಳಿದದ್ದು 81 ಸಸಿ.

ಎರೆಮಣ್ಣಿಗೆ ಇಳಿಸುವುದು

ನೆಟ್ಟದ್ದು ಸೆಪ್ಟೆಂಬರ್ ಮೂರನೇ ವಾರ, ಉತ್ತರಿ ಮಳೆಯಲ್ಲಿ. ಗೋಡೆಯಿಂದ ಎರಡು ಅಡಿ ಬಿಟ್ಟು. ಇದು ಅಂದಕ್ಕಲ್ಲ: ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಗೋಡೆಯ ಬುಡಕ್ಕೇ ವರ್ಷವಿಡೀ ನೀರು ಹಾಕಿದರೆ ಗೋಡೆ ಸೀಳುತ್ತದೆ.

ಇಲ್ಲಿ ಹಲವರು ಮಾಡುವ ಒಂದು ಕೆಲಸವಿದೆ: ಕಾಲುವೆ ತೋಡಿ, ಎರೆಮಣ್ಣು ಹೊರಹಾಕಿ, ಬೀದರ್ ಕಡೆಯ ಕೆಂಪು ಮಣ್ಣು ತರಿಸಿ ತುಂಬುವುದು. ನೋಡಲು ಚೆಂದ. ಮಳೆ ಬಂದಾಗ ಸುತ್ತಲಿನ ಎರೆ ನೀರು ಬಿಡುವುದಿಲ್ಲ, ಕೆಂಪು ಮಣ್ಣಿನ ಕಾಲುವೆ ನೀರು ತುಂಬಿದ ತೊಟ್ಟಿಯಾಗುತ್ತದೆ. ಈ ಮನೆಯಲ್ಲಿ ಒಂದೂವರೆ ಅಡಿ ಅಗಲ, ಒಂದು ಅಡಿ ಆಳ ಅಗೆದು, ತೆಗೆದ ಮಣ್ಣಿಗೇ ಕಾಲು ಪಾಲು ಕಳಿತ ಗೊಬ್ಬರ (32 ಪೇಂಟ್ ಡಬ್ಬಿ ಹಿಡಿಯಿತು) ಬೆರೆಸಿ ಮರಳಿ ತುಂಬಿ, ನೆಲಮಟ್ಟಕ್ಕಿಂತ ಆರು ಇಂಚು ಎತ್ತರದ ಏರಿ ಮಾಡಿದರು. ಸಸಿ ಏರಿಯ ಮೇಲೆ. ಆದರೂ ದಕ್ಷಿಣದ ತಗ್ಗು ತುದಿಯಲ್ಲಿ ನೀರು ನಿಂತು ನಾಲ್ಕು ಸತ್ತವು. ಅಲ್ಲಿ ಒಂದು ಸಣ್ಣ ಕಾಲುವೆ ಕಡಿದು, ಉಳಿದ 21ರಿಂದ ನಾಲ್ಕನ್ನು ತಂದು ತುಂಬಿದರು.

ನೆಟ್ಟ ದಿನವೇ ಎಲ್ಲವನ್ನೂ ಆರು ಇಂಚಿಗೆ ಕತ್ತರಿಸಿದ್ದಕ್ಕೆ ಮನೆಯಲ್ಲಿ ಅಸಮಾಧಾನವಾಯಿತು. ಮೂರಡಿ ಬೆಳೆಯಲಿ, ಆಮೇಲೆ ಸಮ ಮಾಡೋಣ ಎಂದು ಬಿಟ್ಟ ಬೇಲಿಗಳನ್ನು ಊರಲ್ಲಿ ಎಲ್ಲಿ ಬೇಕಾದರೂ ನೋಡಬಹುದು: ಮೇಲೆ ಕೊಡೆ, ಕೆಳಗೆ ಬರೀ ಕಾಲು, ನಡುವೆ ನಾಯಿ ನುಗ್ಗುವ ಸಂದು. ಆರು ಇಂಚು ಬೆಳೆದಾಗಲೆಲ್ಲ ಮೂರು ಇಂಚು ತೆಗೆಯುತ್ತ ಹೋದರೆ ಬುಡದಿಂದಲೇ ಕವಲೊಡೆಯುತ್ತದೆ. ಆಕಾರ ಬುಡ ಅಗಲ, ತಲೆ ಕಿರಿದು. ತಲೆ ಅಗಲವಾದರೆ ಬುಡಕ್ಕೆ ಬೆಳಕು ಸಿಗದೆ ಎಲೆ ಉದುರುತ್ತದೆ.

ಡಿಸೆಂಬರಿನಲ್ಲಿ ಎಲೆಯ ಬಣ್ಣದ ಪ್ರಶ್ನೆ ಮತ್ತೆ ಬಂತು, ಈ ಸಲ ತಿರುಗಿ. ಮಳೆನೀರು ಮುಗಿದು ಬೋರಿಗೆ ಬಂದಿದ್ದರು. ಕೆಲವು ಗಿಡಗಳ ಹೊಸ ಎಲೆ ಚಿನ್ನದ ಹಳದಿಯಲ್ಲ, ಬಿಳಿಚು; ನರ ಮಾತ್ರ ಹಸಿರು. ಸುಣ್ಣ ಹೆಚ್ಚಿರುವ ಎರೆಮಣ್ಣಿನಲ್ಲಿ, ಗಡಸು ನೀರಿನಲ್ಲಿ ಕಬ್ಬಿಣದ ಕೊರತೆ ಹೀಗೇ ಕಾಣುತ್ತದೆ, ಮತ್ತು ಹಳದಿ ಎಲೆಯ ಗಿಡದಲ್ಲಿ ಅದನ್ನು ಗುರುತಿಸುವುದು ತ್ರಾಸು. ಗುರುತು ಇಷ್ಟು: ಆರೋಗ್ಯದ ಹಳದಿ ಎಲೆಯಲ್ಲಿ ನರವೂ ಹಳದಿ ಕಡೆಗೇ ಇರುತ್ತದೆ, ಎಲೆ ದಪ್ಪ, ಕೊರತೆಯ ಎಲೆ ತೆಳು, ನರದ ಜಾಲ ಬರೆದಿಟ್ಟಂತೆ ಎದ್ದು ಕಾಣುತ್ತದೆ. ಫೆರಸ್ ಸಲ್ಫೇಟ್ ಲೀಟರಿಗೆ ಐದು ಗ್ರಾಂ, ಚಿಟಿಕೆ ನಿಂಬೆಹುಳಿ ಉಪ್ಪು ಸೇರಿಸಿ, ಸಂಜೆ ಎಲೆಗೆ ಸಿಂಪಡಿಸಿದರು. ಹತ್ತು ದಿನ ಬಿಟ್ಟು ಇನ್ನೊಂದು ಸಲ. ಮಣ್ಣಿಗೆ ಹಾಕಿದರೆ ಎರೆಯ ಸುಣ್ಣ ಅದನ್ನು ಅಲ್ಲೇ ಕಟ್ಟಿಹಾಕುತ್ತದೆ, ದುಡ್ಡು ದಂಡ. ಹೊಸ ಚಿಗುರು ಸರಿಯಾದ ಬಣ್ಣಕ್ಕೆ ಬಂತು. ಗೇಟಿನ ಪಕ್ಕದ ಎರಡು ಗಿಡ ಮಾತ್ರ ಹಸಿರಾಗಿಯೇ ಉಳಿದವು. ಅವುಗಳ ಮೇಲೆ ದಿನವಿಡೀ ಬೇವಿನ ನೆರಳು ಬೀಳುತ್ತದೆ; ಅವಕ್ಕೆ ಸಿಂಪಡಿಸುವ ಅಗತ್ಯವಿರಲಿಲ್ಲ.